ಹಳೆಯ ಕಮಾನು ಗಾಡಿ: ಕೊಳ್ಳುವ ಮುನ್ನ ಗಾಲಿ ನೋಡಿ

ದಾವಣಗೆರೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ದನದ ಕೊಟ್ಟಿಗೆಯ ಮೂಲೆಯಲ್ಲೋ ಕಣದ ಅಂಚಿನ ಮರದಡಿಯಲ್ಲೋ ನೊಗ ಕಳಚಿ, ಮೂಕಿಯನ್ನು ನೆಲಕ್ಕೂರಿ ನಿಂತ ಹಳೆಯ ಕಮಾನು ಗಾಡಿಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಟ್ರ್ಯಾಕ್ಟರ್ ಮತ್ತು ಬಸ್ಸು ಬರುವ ಮುನ್ನ ಕುಟುಂಬವೊಂದು ಜಾತ್ರೆಗೆ, ಮದುವೆಗೆ, ಬೀಗರ ಊರಿಗೆ ಹೋಗುತ್ತಿದ್ದುದು ಇದೇ ಗಾಡಿಯಲ್ಲಿ. ಈಗ ಅವುಗಳನ್ನು ಕೊಂಡು ದುರಸ್ತಿ ಮಾಡಿಸಲು ನಗರವಾಸಿಗಳು ಮುಂದೆ ಬರುತ್ತಿದ್ದಾರೆ. ಕೆಲವರಿಗೆ ಅಜ್ಜನ ಕಾಲದ ನೆನಪು ಉಳಿಸಿಕೊಳ್ಳುವ ಹಂಬಲ, ಕೆಲವರಿಗೆ ತೋಟದ ಮನೆಯ ಮುಂದೆ ನಿಲ್ಲಿಸುವ ಆಸೆ, ಇನ್ನು ಕೆಲವರಿಗೆ ಮತ್ತೊಮ್ಮೆ ಎತ್ತು ಹೂಡಿ ಜಾತ್ರೆಗೆ ಹೋಗುವ ಉತ್ಸಾಹ.

ಆದರೆ ಗಾಡಿಯ ಬೆಲೆ ಖರ್ಚಿನ ಮೊದಲ ಕಂತು ಮಾತ್ರ. ಗಾಲಿ ಕಟ್ಟಬಲ್ಲ ಬಡಗಿ ಹಾಗೂ ಪಟ್ಟಾ ಏರಿಸಬಲ್ಲ ಕಮ್ಮಾರ ಸಿಗದಿದ್ದರೆ ಕೊಂಡ ಗಾಡಿ ಇನ್ನೊಂದು ಅಂಗಳದಲ್ಲಿ ಗೆದ್ದಲಿಗೆ ಆಹಾರವಾಗುತ್ತದೆ. ಕೊಳ್ಳಬೇಕೇ, ಬೇಡವೇ ಎಂಬುದನ್ನು ನಿರ್ಧರಿಸಲು ಅಗತ್ಯವಾದ ಮಾಹಿತಿ ಇಲ್ಲಿದೆ.

ಯಾವುದು ಕಮಾನು ಗಾಡಿ?

ಗೊಬ್ಬರ, ಬೆಳೆ ಸಾಗಿಸುವ ಸಾಮಾನ್ಯ ಎತ್ತಿನ ಗಾಡಿಗೂ ಪ್ರಯಾಣದ ಗಾಡಿಗೂ ವ್ಯತ್ಯಾಸವಿದೆ. ಬಿದಿರ ದಬ್ಬೆಗಳನ್ನು ಬಾಗಿಸಿ, ಮೇಲೆ ಚಾಪೆ ಅಥವಾ ತಟ್ಟಿ ಹೊದಿಸಿದ ಕಮಾನು ಪ್ರಯಾಣದ ಗಾಡಿಯ ಗುರುತು. ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಸಿದರೆ ಹಗಲು ಕೂರಲು, ರಾತ್ರಿ ಮಲಗಲು ಅದೇ ಜಾಗ. ಎತ್ತಿನ ಮೇವು, ನೀರಿನ ಕೊಡ, ರೊಟ್ಟಿ ಬುತ್ತಿ ಎಲ್ಲವೂ ಗಾಡಿಯೊಂದಿಗೇ ಸಾಗುತ್ತಿದ್ದವು. ಹೆಸರು ಊರಿಂದೂರಿಗೆ ಬದಲಾಗುತ್ತದೆ. ಚನ್ನಗಿರಿ ಕಡೆ ಗಾಡಿ ಎನ್ನುವುದನ್ನು ಜಗಳೂರು ಕಡೆ ಬಂಡಿ ಎನ್ನುವುದುಂಟು. ಹಾವೇರಿ ಭಾಗದಲ್ಲಿ ಕೊಲ್ಲಾರಿ ಬಂಡಿ ಎಂಬ ಮಾತೂ ಬಳಕೆಯಲ್ಲಿದೆ.

ಹೆಸರಿನಲ್ಲಿ ಈ ವ್ಯತ್ಯಾಸ ಸಹಜ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದವು. ನ್ಯಾಮತಿ ಬಳಿಕ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಮಲೆನಾಡಿನ ಸೆರಗು ಮತ್ತು ಬಯಲುಸೀಮೆ ಎರಡೂ ಒಂದೇ ಜಿಲ್ಲೆಯಲ್ಲಿವೆ.

ಈ ಭಾಗದ ಗಾಡಿಗಳಿಗೆ ದಾರಿ ತೋರಿದ್ದು ಬಹುತೇಕ ಜಾತ್ರೆಗಳೇ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ವೇಳೆ ನಡೆಯುವ ಜಾತ್ರೆ ಮತ್ತು ಕಾರಣಿಕ, ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವಗಳಿಗೆ ಸುತ್ತಲಿನ ಜಿಲ್ಲೆಗಳ ಭಕ್ತರು ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವ ರೂಢಿ ಹಳೆಯದು. ಉತ್ತರ ಕನ್ನಡದ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಭಾಗದ ರೈತರು ಚಕ್ಕಡಿಗಳಲ್ಲಿ ತೆರಳುವುದು ಇಂದಿಗೂ ಪ್ರಸಿದ್ಧ.

ಮೊದಲ ಪ್ರಶ್ನೆ: ಏತಕ್ಕಾಗಿ?

ಗಾಡಿಯನ್ನು ಮತ್ತೆ ಓಡಿಸುವುದೇ, ನಿಲ್ಲಿಸಿ ನೋಡುವುದೇ ಎಂಬುದು ಮೊದಲು ತೀರ್ಮಾನವಾಗಬೇಕು. ಎರಡರ ಖರ್ಚೂ ಬೇರೆ, ಪರೀಕ್ಷೆಯೂ ಬೇರೆ. ಓಡಿಸುವ ಗಾಡಿಯ ಗಾಲಿ, ಇರುಸು, ಮೂಕಿ, ನೊಗ ನಾಲ್ಕೂ ಗಟ್ಟಿಯಾಗಿರಬೇಕು. ಜೊತೆಗೆ ಪಳಗಿದ ಜೋಡೆತ್ತು ಬೇಕು. ಸ್ವಂತ ಎತ್ತು ಸಾಕುವುದೆಂದರೆ ವರ್ಷವಿಡೀ ಮೇವು, ಆರೈಕೆ, ಆಳು. ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವವರು ಊರಿನಲ್ಲಿ ಎತ್ತು ಸಾಕಿರುವ ರೈತರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು ಒಳಿತು. ನಿಲ್ಲಿಸಿ ನೋಡುವ ಗಾಡಿಗಾದರೆ ಹೊಸ ಗಾಲಿ ಬೇಕಿಲ್ಲ; ಇದ್ದ ಮರ ಇನ್ನಷ್ಟು ಹಾಳಾಗದಂತೆ ತಡೆದರೆ ಸಾಕು.

ಗಾಲಿಯ ಪರೀಕ್ಷೆ

ನೋಡುಗರ ಕಣ್ಣು ಮೊದಲು ಹೋಗುವುದು ಕಮಾನಿನ ಮೇಲೆ. ಆದರೆ ಹರಿದ ಚಾಪೆ, ಮುರಿದ ಬಿದಿರು, ಕೊಳೆತ ಹಲಗೆ ಇವೆಲ್ಲ ಸುಲಭದಲ್ಲಿ ಬದಲಾಗುವ ಭಾಗಗಳು. ಗಾಡಿಯ ಆಯುಷ್ಯ ಇರುವುದು ಗಾಲಿಯಲ್ಲಿ.

ಮರದ ಗಾಲಿ ಸಾಮಾನ್ಯವಾಗಿ ನಾಲ್ಕರಿಂದ ಐದು ಅಡಿ ಎತ್ತರವಿರುತ್ತದೆ. ನಡುವೆ ಗುಂಭ, ಅದರಿಂದ ಹೊರಡುವ ಅರೆಕಾಲುಗಳು, ಅವುಗಳ ತುದಿಯನ್ನು ಹಿಡಿದಿಡುವ ಬಾಗಿದ ಮರದ ತುಂಡುಗಳ ವರ್ತುಲ, ಎಲ್ಲವನ್ನೂ ಹೊರಗಿನಿಂದ ಬಿಗಿಯುವ ಕಬ್ಬಿಣದ ಪಟ್ಟಾ ಇವಿಷ್ಟು ಅದರ ಅಂಗಗಳು. ಹನ್ನೆರಡು ಅರೆಕಾಲಿನ ಗಾಲಿಯಾದರೆ ಹೊರವರ್ತುಲಕ್ಕೆ ಆರು ತುಂಡು, ತುಂಡಿಗೆ ಎರಡು ಅರೆಕಾಲು ಎಂಬುದು ಪರಿಚಿತ ಲೆಕ್ಕ. ಇಲ್ಲಿ ಮೊಳೆಗಿಂತ ಬಿಗಿತವೇ ಮುಖ್ಯ. ಒಂದು ಭಾಗ ಸಡಿಲವಾದರೆ ಉಳಿದವೂ ಸಡಿಲವಾಗುತ್ತವೆ.

ಪರೀಕ್ಷಿಸುವ ಕ್ರಮ ಹೀಗಿದೆ:

* ಇರುಸಿನ ಕೆಳಗೆ ಆಸರೆ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿ ತಿರುಗಿಸಬೇಕು. ಅತ್ತಿತ್ತ ಓಲಾಡಿದರೆ ಗುಂಭ ಅಥವಾ ಇರುಸಿನ ತುದಿ ಸವೆದಿದೆ ಎಂದರ್ಥ.
* ಒಂದೊಂದೇ ಅರೆಕಾಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಮರ ಖಣಖಣ ಎನ್ನುತ್ತದೆ. ಒಳಗೆ ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ.
* ಅರೆಕಾಲು ಗುಂಭವನ್ನು ಸೇರುವ ಬುಡವನ್ನು ದಬ್ಬಳದಿಂದ ಚುಚ್ಚಿ ನೋಡಬೇಕು. ಮಳೆನೀರು ನಿಲ್ಲುವುದು ಅಲ್ಲಿಯೇ.
* ನೆಲಕ್ಕೆ ತಾಗಿ ನಿಂತಿದ್ದ ಭಾಗವನ್ನು ಮೇಲಕ್ಕೆ ತಿರುಗಿಸಿ ನೋಡಬೇಕು. ವರ್ಷಗಟ್ಟಲೆ ಕದಲದ ಗಾಡಿಯಲ್ಲಿ ಮೊದಲು ಕೊಳೆಯುವುದು ಈ ಭಾಗ.
* ಹೊಸದಾಗಿ ಬಣ್ಣ ಬಳಿದ ಗಾಡಿಯಾಗಿದ್ದರೆ ಇಮ್ಮಡಿ ಎಚ್ಚರ ಬೇಕು. ಬಿರುಕಿಗೆ ಮರದ ಪುಡಿ ಮತ್ತು ಅಂಟು ತುಂಬಿ ಬಣ್ಣ ಬಳಿದರೆ ಕಣ್ಣಿಗೆ ಕಾಣುವುದಿಲ್ಲ.
* ಎರಡೂ ಗಾಲಿ ಒಂದೇ ಜೋಡಿಯವೇ ಎಂಬುದನ್ನು ಅಳತೆ ಹಿಡಿದು ಖಚಿತಪಡಿಸಿಕೊಳ್ಳಬೇಕು.

ನೆಲದ ಗುಣವೂ ಗಾಡಿಯ ಮೇಲೆ ಅಚ್ಚೊತ್ತುತ್ತದೆ. ಚನ್ನಗಿರಿ, ಹೊನ್ನಾಳಿ ಭಾಗದ ಅಡಿಕೆ ತೋಟ, ಭದ್ರಾ ನಾಲೆಯ ಗದ್ದೆ ಬಯಲುಗಳಲ್ಲಿ ಬಿಟ್ಟ ಗಾಡಿಗೆ ತೇವ ಮತ್ತು ಗೆದ್ದಲಿನ ಕಾಟ ಹೆಚ್ಚು. ಮಳೆ ಕಡಿಮೆಯಿರುವ ಜಗಳೂರು ಕಡೆಯ ಗಾಡಿಯಲ್ಲಿ ಕೊಳೆತಕ್ಕಿಂತ ಒಣಗಿ ಸೀಳುವುದೇ ತೊಂದರೆ. ಮರ ಕುಗ್ಗಿ ಪಟ್ಟಾ ಸಡಿಲವಾಗಿರುತ್ತದೆ. ಕುಗ್ಗಿದ್ದನ್ನು ಮತ್ತೆ ಬಿಗಿಯಬಹುದು, ಕೊಳೆತದ್ದನ್ನು ಬದಲಿಸಲೇಬೇಕು.

ತೀರ್ಮಾನ ಹೇಗೆ?

ಗುಂಭ ಮತ್ತು ಇರುಸು ಗಟ್ಟಿಯಿದ್ದು, ಕಮಾನು, ಹಲಗೆ, ನೊಗ ಮಾತ್ರ ಹಾಳಾಗಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಕೆಲವು ಅರೆಕಾಲು ಸಡಿಲವಾಗಿದ್ದರೆ, ಹೊರವರ್ತುಲದ ಒಂದೆರಡು ತುಂಡು ಕೊಳೆತಿದ್ದರೆ ಬಡಗಿಯನ್ನು ಕರೆತಂದು ತೋರಿಸಿ, ಅವರು ಒಪ್ಪಿ ಖರ್ಚು ಹೇಳಿದ ಬಳಿಕವೇ ಮುಂಗಡ ಕೊಡಬೇಕು. ಗುಂಭವೇ ಸೀಳಿದ್ದರೆ ಆ ಗಾಲಿಯನ್ನು ಬಹುತೇಕ ಹೊಸದಾಗಿ ಕಟ್ಟಬೇಕಾಗುತ್ತದೆ. ಅಂತಹ ಗಾಡಿಯನ್ನು ಓಡಿಸುವ ಆಸೆ ಬಿಟ್ಟು ನಿಲ್ಲಿಸಿ ನೋಡಲು ಮಾತ್ರ ಕೊಳ್ಳುವುದು ಜಾಣತನ.

ಮನೆಯ ಹಿರಿಯರದ್ದೇ ಗಾಡಿಯಾದರೆ ಲೆಕ್ಕ ಬೇರೆ. ಅದರ ಬೆಲೆಯನ್ನು ಮಾರುಕಟ್ಟೆ ಕಟ್ಟಲಾರದು. ಆದರೂ ಸಂಪೂರ್ಣ ದುರಸ್ತಿಗೆ ಹಣ ಸುರಿಯುವ ಮುನ್ನ ಗೆದ್ದಲು ಬಿಡಿಸಿ, ಸೂರಿನಡಿ ತಂದು, ಗಾಲಿಯ ಕೆಳಗೆ ಕಲ್ಲುಚಪ್ಪಡಿ ಇಟ್ಟರೆ ತೀರ್ಮಾನಕ್ಕೆ ಸಮಯ ಸಿಗುತ್ತದೆ.

ದುರಸ್ತಿಯ ಹಂತಗಳು

ಮೊದಲ ಕೆಲಸ ಬಿಚ್ಚುವುದು. ಇರುಸಿನ ತುದಿಯ ಕಡಾಣಿ ತೆಗೆದರೆ ಗಾಲಿ ಕಳಚುತ್ತದೆ. ಎಡ ಬಲದ ಗುರುತು ಹಾಕಿ, ಪ್ರತಿ ಭಾಗದ ಚಿತ್ರ ತೆಗೆದಿಟ್ಟುಕೊಂಡರೆ ಮತ್ತೆ ಜೋಡಿಸುವಾಗ ಗೊಂದಲವಿರುವುದಿಲ್ಲ. ದೂರದ ಊರಿಗೆ ಸಾಗಿಸುವವರೂ ಹೀಗೆ ಬಿಚ್ಚಿ ಲಾರಿಯಲ್ಲಿ ಒಯ್ಯುವುದು ಸುರಕ್ಷಿತ.

ಎರಡನೆಯದು ಮರ. ಗಾಲಿಗೆ ಕರಿಜಾಲಿ, ಇರುಸು ಮತ್ತು ಮೂಕಿಗೆ ದಿಂಡಿಗದಂತಹ ಗಟ್ಟಿ ಮರ, ಹಲಗೆಗೆ ತೇಗ, ಮತ್ತಿ ಅಥವಾ ಹೊನ್ನೆ ಬಳಸುವುದು ವಾಡಿಕೆ. ಹಸಿ ಮರ ಬಳಸಿದರೆ ಬೇಸಿಗೆಯಲ್ಲಿ ಕುಗ್ಗಿ ಗಾಲಿ ಕಳಚುತ್ತದೆ. ತೇಗ, ಹೊನ್ನೆಯಂತಹ ಮರಗಳನ್ನು ಕಡಿಯಲು ಹಾಗೂ ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುವುದರಿಂದ ಪರವಾನಗಿ ಇರುವ ಸಾಮಿಲ್‌ನಿಂದ ರಸೀದಿ ಸಮೇತ ಕೊಳ್ಳುವುದು ಕ್ಷೇಮ.

ಮೂರನೆಯದು ಪಟ್ಟಾ ಏರಿಸುವುದು. ಇಡೀ ದುರಸ್ತಿಯಲ್ಲಿ ಅತಿ ಹೆಚ್ಚು ಅನುಭವ ಬೇಡುವ ಕೆಲಸ ಇದು. ಪಟ್ಟಾವನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬೆಸೆದು, ಬೆರಣಿ, ಕಟ್ಟಿಗೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ನಾಲ್ಕಾರು ಮಂದಿ ಇಕ್ಕಳದಲ್ಲಿ ಹಿಡಿದು ಗಾಲಿಗೆ ತೊಡಿಸಿದ ಕೂಡಲೇ ನೀರು ಸುರಿದರೆ ಪಟ್ಟಾ ಕುಗ್ಗಿ ಇಡೀ ಗಾಲಿಯನ್ನು ಬಿಗಿಯುತ್ತದೆ. ಅಳತೆ ಸ್ವಲ್ಪ ಹೆಚ್ಚಾದರೆ ಪಟ್ಟಾ ನಿಲ್ಲದು, ಕಡಿಮೆಯಾದರೆ ಅರೆಕಾಲು ಬಾಗುತ್ತದೆ. ಬೇಸಿಗೆಯಲ್ಲಿ ಸಡಿಲವಾದ ಗಾಲಿಯನ್ನು ಕೆರೆಯ ನೀರಿನಲ್ಲಿ ನೆನೆಸಿ ಮರ ಉಬ್ಬಿಸುವ ಉಪಾಯ ಹಳೆಯದಾದರೂ ಅದು ತಾತ್ಕಾಲಿಕ.

ಟ್ರ್ಯಾಕ್ಟರ್ ಟ್ರೇಲರ್ ಹಾಗೂ ಟೈರ್ ಗಾಡಿ ಬಂದ ಮೇಲೆ ಮರದ ಗಾಲಿಗೆ ಬೇಡಿಕೆ ಕುಸಿದು, ಈ ಕಸುಬು ಬಲ್ಲವರು ವಿರಳವಾಗಿದ್ದಾರೆ. ಉಳಿದವರಲ್ಲಿ ಅನೇಕರು ವಯಸ್ಸಾದವರು. ಆದ್ದರಿಂದ ಗಾಡಿಗಿಂತ ಮೊದಲು ಕಸುಬುದಾರರನ್ನು ಹುಡುಕಬೇಕು. ದುರಸ್ತಿಯ ವೇಳೆ ಕಿರಿಯ ಬಡಗಿಯೊಬ್ಬರನ್ನು ಜೊತೆಗೆ ನಿಲ್ಲಿಸಿದರೆ ಮುಂದಿನ ದುರಸ್ತಿಗೂ ದಾರಿಯಾಗುತ್ತದೆ.

ಕೊನೆಯದು ಆರೈಕೆ. ಮರಕ್ಕೆ ಅಗಸೆ ಎಣ್ಣೆ ಸವರಬಹುದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆಯನ್ನು ಇರುಸಿಗೆ ಹಾಕುವ ಪದ್ಧತಿ ಇತ್ತು. ಈಗ ಗ್ರೀಸ್ ಬಳಕೆಯಲ್ಲಿದೆ.

ಟೈರ್ ಹಾಕಿಸಬಹುದೇ?

ಗಾಳಿಯ ಟೈರ್ ಮತ್ತು ಬೇರಿಂಗ್ ಅಳವಡಿಸಿದರೆ ಎತ್ತಿನ ಶ್ರಮ ಕಡಿಮೆಯಾಗುವುದು ನಿಜ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್‌.ಎಸ್‌. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಗೆ ದಶಕಗಳ ಕಾಲ ಪ್ರತಿಪಾದಿಸಿದ್ದರ ಹಿಂದೆ ಈ ಕಾಳಜಿಯೂ ಇತ್ತು. ದಿನನಿತ್ಯ ದುಡಿಯುವ ಗಾಡಿಗೆ ಟೈರ್ ಸೂಕ್ತ. ಅಪರೂಪಕ್ಕೆ ಹೊರಡುವ ಹಳೆಯ ಗಾಡಿಗೆ ಟೈರ್ ಹಾಕಿದರೆ ಉಳಿಸಬೇಕಾದ ಭಾಗವೇ ಹೋದಂತಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಎತ್ತಿನ ಗಾಡಿ ಯಂತ್ರಚಾಲಿತವಲ್ಲದ ಕಾರಣ 1988ರ ಮೋಟಾರು ವಾಹನ ಕಾಯ್ದೆಯಡಿ ನೋಂದಣಿ ಬೇಕಿಲ್ಲ. ಆದರೆ ಮೂಕಿ ತೆಗೆದು ಕೊಂಡಿ ಹಾಕಿ ಜೀಪು ಅಥವಾ ಟ್ರ್ಯಾಕ್ಟರ್‌ಗೆ ಕಟ್ಟಿದರೆ ಅದೇ ಗಾಡಿ ಕಾಯ್ದೆಯ ಕಣ್ಣಿನಲ್ಲಿ ಟ್ರೇಲರ್ ಆಗುತ್ತದೆ. ಟ್ರೇಲರ್‌ಗೆ ನೋಂದಣಿ ಕಡ್ಡಾಯ. ಮರದ ಗಾಲಿ ಅಂತಹ ವೇಗಕ್ಕೆ ಮಾಡಿದ್ದೂ ಅಲ್ಲ.

ಎತ್ತು ಹೂಡುವವರಿಗೆ 1965ರ ಭಾರ ಎಳೆಯುವ ಪ್ರಾಣಿಗಳ ಮೇಲಿನ ಹಿಂಸೆ ತಡೆ ನಿಯಮಗಳು ಅನ್ವಯಿಸುತ್ತವೆ. ಚಾಲಕ ಮತ್ತು 6 ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ವರಿಗಿಂತ ಹೆಚ್ಚು ಮಂದಿಯನ್ನು ಕೂರಿಸುವಂತಿಲ್ಲ. ದಿನಕ್ಕೆ ಒಟ್ಟು 9 ಗಂಟೆ, ವಿಶ್ರಾಂತಿಯಿಲ್ಲದೆ ಸತತ 5 ಗಂಟೆ ಮೀರಿ ದುಡಿಸುವಂತಿಲ್ಲ. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು ಹೂಡುವಂತಿಲ್ಲ. ಬೇಸಿಗೆಯಲ್ಲಿ ಬಯಲುಸೀಮೆಯ ದಾರಿ ಹಿಡಿಯುವವರು ಇದನ್ನು ಮರೆಯಬಾರದು. ರಾತ್ರಿ ಪ್ರಯಾಣವಿದ್ದರೆ ಗಾಡಿಯ ಹಿಂಬದಿಗೆ ಬೆಳಕು ಪ್ರತಿಫಲಿಸುವ ಕೆಂಪು ಪಟ್ಟಿ ಅಂಟಿಸುವುದು ಜೀವರಕ್ಷಕ.

ನೂರು ವರ್ಷ ಮೀರಿದ, ಕೆತ್ತನೆಯುಳ್ಳ ಗಾಡಿ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಪುರಾತನ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹೊರದೇಶದಲ್ಲಿ ನೆಲೆಸಿ ಊರಿನ ಗಾಡಿಯನ್ನು ಒಯ್ಯಲು ಬಯಸುವವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಮೊದಲೇ ವಿಚಾರಿಸಬೇಕು.

ಕೊಳ್ಳುವ ಕಾಲ

ಸುಗ್ಗಿ ಮುಗಿದ ಬೇಸಿಗೆಯಲ್ಲಿ ಗಾಡಿ ನೋಡುವುದು ಉತ್ತಮ. ಮರ ಪೂರ್ತಿ ಒಣಗಿರುವುದರಿಂದ ಬಿರುಕು, ಸಡಿಲ ಎಲ್ಲವೂ ಬಯಲಾಗುತ್ತವೆ. ಮಳೆಗಾಲದಲ್ಲಿ ಉಬ್ಬಿದ ಮರ ದೋಷವನ್ನು ಮುಚ್ಚುತ್ತದೆ. ಮಾರುವ ಮನೆಯ ಎಲ್ಲ ಹಕ್ಕುದಾರರ ಒಪ್ಪಿಗೆ ಪಡೆದು, ಕೊಟ್ಟ ಹಣಕ್ಕೆ ಬರಹದ ರಸೀದಿ ಮಾಡಿಸಿಕೊಳ್ಳಬೇಕು. ನೊಗ, ಕಡಾಣಿ, ಎತ್ತಿನ ಕೊರಳ ಗಂಟೆಗಳನ್ನು ಅಟ್ಟದ ಮೇಲೆ ಬೇರೆಯಾಗಿ ಇಟ್ಟಿರುವ ಸಾಧ್ಯತೆ ಇರುವುದರಿಂದ ಗಾಡಿ ಹೊರಡುವ ಮುನ್ನ ಅವುಗಳನ್ನೂ ಕೇಳಿ ಪಡೆಯುವುದು ಸೂಕ್ತ.