ಸ್ವಯಂಚಾಲಿತ ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ

ಸ್ವಯಂಚಾಲಿತ ಗೇರ್‌ಬಾಕ್ಸ್‌ನ ಎಣ್ಣೆಯು ಟಾರ್ಕ್ ಕನ್ವರ್ಟರ್‌ನಲ್ಲಿ ಶಕ್ತಿಯನ್ನು ಸಾಗಿಸುತ್ತದೆ, ಒತ್ತಡದಿಂದ ಕ್ಲಚ್‌ಗಳನ್ನು ನಡೆಸುತ್ತದೆ, ಬಿಡಿಭಾಗಗಳ ಸವೆತವನ್ನೂ ತಡೆಯುತ್ತದೆ. ಹಲವು ಕಾರುಗಳಲ್ಲಿ ಇದರ ಕೆಲಸದ ಉಷ್ಣತೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್.

ಕೆನಡಾದಂತಹ ಶೀತದೇಶಗಳ ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗಿ ಗೇರ್ ಬದಲಾವಣೆ ತಡವಾಗುತ್ತದೆ. ಎಣ್ಣೆ ಬಿಸಿಯಾಗುವವರೆಗೆ ಟಾರ್ಕ್ ಕನ್ವರ್ಟರ್‌ನ ಲಾಕ್‌ಅಪ್ ಕ್ಲಚ್ ಹಿಡಿಯದಂತೆ ನಿಯಂತ್ರಕವು ತಡೆಯುವುದರಿಂದ ಇಂಧನವೂ ಹೆಚ್ಚು ಖರ್ಚಾಗುತ್ತದೆ. ನಿಂತಲ್ಲೇ ಎಂಜಿನ್ ಓಡಿಸಿದರೆ ಗೇರ್‌ಬಾಕ್ಸ್ ನಿಧಾನವಾಗಿ ಬಿಸಿಯಾಗುತ್ತದೆ. ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಚಲಾಯಿಸುವುದೇ ಮೇಲು. ರೇಡಿಯೇಟರ್‌ನೊಳಗಿನ ಕೂಲರ್, ಹೆಸರಿಗೆ ವಿರುದ್ಧವಾಗಿ, ಆಗ ಎಂಜಿನ್ ನೀರಿನ ಶಾಖದಿಂದ ಎಣ್ಣೆಯನ್ನು ಬಿಸಿಮಾಡುತ್ತದೆ. ಹೆಚ್ಚುವರಿ ಗಾಳಿ ಕೂಲರ್ ಅಳವಡಿಸಿದ್ದರೆ, ತಣ್ಣನೆಯ ಎಣ್ಣೆ ಅದರೊಳಗೆ ಹೋಗದಂತೆ ಥರ್ಮೋಸ್ಟಾಟ್ ಕವಾಟ ಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬಾಗಲವಾಡದಂತಹ ಊರುಗಳಲ್ಲಿ ಸಮಸ್ಯೆ ತಿರುಗುಮುರುಗು. ಶೀತದೇಶದ ಸಲಹೆಯಂತೆ ಕೂಲರ್ ಮುಚ್ಚಿದರೆ ಎಣ್ಣೆ ಕಾದು ಬೇಗನೆ ಕೆಡುತ್ತದೆ, ಕ್ಲಚ್‌ಗಳೂ ಸುಡಬಹುದು. ಎಣ್ಣೆಯ ಮಟ್ಟವನ್ನು ತಯಾರಕರು ಸೂಚಿಸಿದ ಉಷ್ಣತೆಯಲ್ಲಿಯೇ ಅಳೆಯಬೇಕು: ತಣ್ಣಗಿರುವಾಗ ಕಡಿಮೆ ಕಂಡಿತೆಂದು ಸುರಿದ ಎಣ್ಣೆ ಕಾದಾಗ ಹಿಗ್ಗಿ ನೊರೆಗಟ್ಟುತ್ತದೆ.