ಮಕ್ಕಳ ಕಳ್ಳರ ವಿಡಿಯೊ ಬಂದ ವರ್ಷ

ಮಕ್ಕಳನ್ನು ಕಾಯಬೇಕೆಂಬ ಎಚ್ಚರಿಕೆ ನಮ್ಮ ಕುಕನೂರಿಗೆ ಮೊಬೈಲಿನ ಮೂಲಕ ಬಂದದ್ದು 2018ರಲ್ಲಿ. ಬೈಕಿನ ಮೇಲೆ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗುವ ವಿಡಿಯೊ ಅದು. ‘ಹುಡುಗ್ರನ್ನ ಹೊರಗ ಬಿಡಬ್ಯಾಡ್ರಿ’ ಎಂಬ ಮಾತು ಓಣಿಯಿಂದ ಓಣಿಗೆ ಹಬ್ಬಿತು.

ಆ ವಿಡಿಯೊದ ಮೂಲ ಕರಾಚಿ. ಮಕ್ಕಳ ಬಗ್ಗೆ ಪಾಲಕರನ್ನು ಎಚ್ಚರಿಸಲೆಂದು ಅಲ್ಲಿಯ ರೋಶನಿ ಎಂಬ ಸಂಸ್ಥೆ 2016ರಲ್ಲಿ ಮಾಡಿಸಿದ್ದ ಜಾಹೀರಾತು. ಕೊನೆಯಲ್ಲಿ ಬೈಕಿನವರು ಹುಡುಗನನ್ನು ಮರಳಿ ತಂದು ಬಿಟ್ಟು, ಒಂದು ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದದ್ದು ಭಾರತದ ತುಂಬ ಓಡಾಡಿತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಕೂಲಿಯೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನ ಸಾವಾಯಿತು. ಅವನ ಜೊತೆಗಿದ್ದ ಗೆಳೆಯ ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ, ಅಷ್ಟೇ. ಕಾರು ಮುಂದಿನ ಊರು ಮುಟ್ಟುವ ಮೊದಲೇ ಸಂದೇಶ ಮುಟ್ಟಿತ್ತು. ಅವರನ್ನು ತಡೆಯಲು ರಸ್ತೆಗೆ ಮರದ ದಿಮ್ಮಿ ಅಡ್ಡ ಬಿದ್ದಿತ್ತು.

ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕಿತು. ಚರ್ಚೆಯೆಲ್ಲ ಸುಳ್ಳು ಸುದ್ದಿಯ ಮೇಲೇ ನಿಂತಿತು. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಪೆಟ್ಟು ಬೇರೆ: ಮಕ್ಕಳ ಕಳ್ಳ ಎಂದರೆ ರಸ್ತೆಯಲ್ಲಿ ಬರುವ ಹೊರಗಿನವ ಎಂಬ ಚಿತ್ರ ತಾಯ್ತಂದೆಯರ ತಲೆಯಲ್ಲಿ ಗಟ್ಟಿಯಾಯಿತು.

ಎರಡೇ ವರ್ಷಕ್ಕೆ, 2020ರ ಮಾರ್ಚಿನಲ್ಲಿ, ಶಾಲೆಗಳು ಮುಚ್ಚಿದವು. ಚಂದನದಲ್ಲಿ ಪಾಠ ಬಂತು, ಆಗಸ್ಟಿನಲ್ಲಿ ವಿದ್ಯಾಗಮ ಬಂತು, ಅಕ್ಟೋಬರಿನಲ್ಲಿ ಅದೂ ನಿಂತಿತು. ಉಳಿದದ್ದು ವಾಟ್ಸಾಪ್ ಗುಂಪು. ಹಗಲು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿದ್ದ ಮೊಬೈಲ್ ರಾತ್ರಿ ಮಗನ ಕೈಗೆ ಬರುತ್ತಿತ್ತು. ‘ಅಭ್ಯಾಸ ಮಾಡಾಕತ್ತಾನ್ರಿ’ ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು. ಸಿಮ್ಮೂ ಖಾತೆಯೂ ಅಪ್ಪನ ಹೆಸರಿನವು. ಹಾಗಾಗಿ ಆ್ಯಪಿನ ಲೆಕ್ಕದಲ್ಲಿ ನೋಡುತ್ತಿದ್ದವನು ನಲವತ್ತರ ಗಂಡಸು. ಮಕ್ಕಳ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುವ 2023ರ ಕಾನೂನಿಗೂ ಇಂಥ ಮನೆಯಲ್ಲಿ ಮಗು ಕಾಣುವುದು ಕಷ್ಟ.

ಮಕ್ಕಳು ಓದುವುದು ಹೆತ್ತವರಿಗೆ ತಿಳಿಯದಿರುವುದು ಈ ಸೀಮೆಗೆ ಹೊಸದಲ್ಲ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಸರ್ಕಾರಿ ಶಾಲೆ ಎಂದರೆ ಉರ್ದು. ಕನ್ನಡವಷ್ಟೇ ಬಲ್ಲ ಅಪ್ಪನಿಗೆ ಮಗನ ಪುಸ್ತಕ ಓದಲು ಬರುತ್ತಿರಲಿಲ್ಲ. ಆದರೆ ಮಾಸ್ತರರು ಊರಲ್ಲೇ ಇದ್ದರು, ಹೋಗಿ ಕೇಳಬಹುದಿತ್ತು. ಈಗ ಮಗಳ ಜೊತೆ ರಾತ್ರಿ ಹನ್ನೊಂದಕ್ಕೆ ಮಾತಾಡುವವನ ಊರು ಯಾವುದು?

ಕಾನೂನು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಕೇಳಿಕೊಂಡಿತ್ತು. 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು, ಮಕ್ಕಳ ಅಶ್ಲೀಲ ಚಿತ್ರಗಳನ್ನಷ್ಟೇ ಅಲ್ಲ, ಲೈಂಗಿಕ ಉದ್ದೇಶದಿಂದ ಆನ್‌ಲೈನಿನಲ್ಲಿ ಮಕ್ಕಳನ್ನು ಪುಸಲಾಯಿಸಿ ಸಲುಗೆ ಬೆಳೆಸುವುದನ್ನೂ ಅಪರಾಧವೆಂದಿತು. 2012ರ ನವೆಂಬರ್ 14ರಂದು ಪೋಕ್ಸೊ ಬಂತು. ಮುರ್ಕಿಯ ಘಟನೆಯ ಎರಡು ತಿಂಗಳ ಮೇಲೆ, 2018ರ ಸೆಪ್ಟೆಂಬರಿನಲ್ಲಿ, ಇಂಥ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದಾದ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ ಶುರುವಾಯಿತು. ಕರಾಚಿಯ ವಿಡಿಯೊ ಮುಟ್ಟಿದ ಮನೆಗಳಿಗೆ ಈ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ನಮ್ಮಂಥ ಊರಲ್ಲಿ ಪಾಲಕರನ್ನು ತಡೆಯುವುದು ಮೊಬೈಲ್ ಬಾರದಿರುವುದಲ್ಲ, ಮರ್ಯಾದೆಯ ಅಂಜಿಕೆ. ಯಾರೋ ಮಗಳ ಫೋಟೊ ಇಟ್ಟುಕೊಂಡು ಬೆದರಿಸಿದರೆ ಮೊದಲು ಮಗಳಿಗೇ ಏಟು, ಆಮೇಲೆ ಮೊಬೈಲಿಗೆ ಬೀಗ, ಮೆಸೇಜುಗಳೆಲ್ಲ ಡಿಲೀಟ್. ಅಲ್ಲಿಗೆ ಸಾಕ್ಷಿಯೂ ಹೋಯಿತು, ಮುಂದಿನ ಸಲ ಮಗಳು ಬಾಯಿ ಬಿಡುವ ಧೈರ್ಯವೂ ಹೋಯಿತು. ಆ ಮೆಸೇಜುಗಳನ್ನು ಹಾಗೇ ಉಳಿಸಿ 1098ಕ್ಕೆ ಫೋನ್ ಮಾಡಬಹುದು. ಠಾಣೆಗೆ ಮಗುವನ್ನು ಎಳೆದೊಯ್ಯಬೇಕಿಲ್ಲ. ಪೋಕ್ಸೊದ 24ನೇ ಕಲಮಿನ ಪ್ರಕಾರ ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಬರೆದುಕೊಳ್ಳಬಹುದು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಬಂದವರು ಸಮವಸ್ತ್ರದಲ್ಲಿ ಇರಕೂಡದು. 23ನೇ ಕಲಮಿನ ಪ್ರಕಾರ ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಪತ್ರಿಕೆಯವರು ಬರೆಯುವಂತಿಲ್ಲ.