ಬೆರೆಸುವುದೋ, ಬೇರೆ ಇಡುವುದೋ: ಕೈಗಾರಿಕಾ ತಂಪುಯಂತ್ರಗಳ ಚರಿತ್ರೆಯಲ್ಲಿ ಒಂದು ಪ್ರಶ್ನೆ

ಬಿಸಿಯಾದದ್ದನ್ನು ತಣಿಸಲು ಎರಡು ದಾರಿಗಳಿವೆ. ತಣ್ಣನೆಯದನ್ನು ಅದರೊಳಕ್ಕೇ ಸುರಿದು ಬೆರೆಸಬಹುದು. ಇಲ್ಲವೇ ನಡುವೆ ಒಂದು ಗೋಡೆಯಿಟ್ಟು, ಎರಡನ್ನೂ ಬೇರೆಬೇರೆಯಾಗಿ ಉಳಿಸಿ, ಶಾಖ ಮಾತ್ರ ಗೋಡೆ ದಾಟುವಂತೆ ಮಾಡಬಹುದು. ಬಚ್ಚಲಲ್ಲಿ ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳುವುದು ಮೊದಲನೆಯದು. ಮಗುವಿನ ಹಾಲಿನ ಲೋಟವನ್ನು ನೀರಿನ ಬಟ್ಟಲಲ್ಲಿ ಇಟ್ಟು ಆರಿಸುವುದು ಎರಡನೆಯದು. ಹಾಲಿಗೆ ನೀರು ಬೆರೆಸಬಾರದು ಎನ್ನುವುದೇ ಅಲ್ಲಿ ಗೋಡೆಯ ಕಾರಣ. ಕಳೆದ ಮುನ್ನೂರು ವರ್ಷಗಳ ಕೈಗಾರಿಕಾ ತಂಪುಸಾಧನಗಳನ್ನು ಈ ಒಂದು ಪ್ರಶ್ನೆಯ ಮೂಲಕ ಓದಬಹುದು ಎಂಬುದು ನನ್ನ ವಾದ. ಶಾಖವನ್ನು ಸಾಗಿಸುವುದು ಇವುಗಳನ್ನು ರೂಪಿಸಿದವರಿಗೆ ಅಂಥ ಕಷ್ಟವಾಗಿರಲಿಲ್ಲ. ಯಾವುದನ್ನು ಯಾವುದರೊಡನೆ ಬೆರೆಯಗೊಡಬೇಕು, ಯಾವುದನ್ನು ಬೆರೆಯಗೊಡಬಾರದು ಎಂಬುದೇ ಅವರನ್ನು ಕಾಡಿದ್ದು.

1712ರಲ್ಲಿ ಇಂಗ್ಲೆಂಡಿನ ಡಡ್ಲಿ ಸಮೀಪದ ಕಲ್ಲಿದ್ದಲ ಗಣಿಯಲ್ಲಿ ಥಾಮಸ್ ನ್ಯೂಕೊಮೆನ್ ನಿಲ್ಲಿಸಿದ ಉಗಿಯಂತ್ರದಲ್ಲಿ ಬೆರಕೆ ಪೂರ್ತಿಯಾಗಿತ್ತು. ಉಗಿ ತುಂಬಿದ ಸಿಲಿಂಡರಿನೊಳಕ್ಕೇ ತಣ್ಣೀರು ಚಿಮ್ಮಿಸುತ್ತಿದ್ದರು. ಉಗಿ ನೀರಾಗಿ ಕುಸಿದು, ಉಂಟಾದ ನಿರ್ವಾತದತ್ತ ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ತಳ್ಳುತ್ತಿತ್ತು. ಆದರೆ ಉಗಿಯ ಜತೆಗೆ ಸಿಲಿಂಡರೂ ತಣ್ಣಗಾಗುತ್ತಿತ್ತು. ಮುಂದಿನ ಹೊಡೆತಕ್ಕೆ ಬಂದ ಉಗಿಯಲ್ಲಿ ಒಂದು ದೊಡ್ಡ ಪಾಲು ಆ ಸಿಲಿಂಡರನ್ನು ಮತ್ತೆ ಕಾಯಿಸುವುದರಲ್ಲೇ ಮುಗಿಯುತ್ತಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಈ ಯಂತ್ರದ ಮಾದರಿಯೊಂದನ್ನು ರಿಪೇರಿ ಮಾಡಲು ಕೂತ ಜೇಮ್ಸ್ ವಾಟ್ ಕಂಡದ್ದು ಇದನ್ನು. ಉಗಿಯಾದ ನೀರು ತನ್ನ ತೂಕದ ಸುಮಾರು ಆರು ಪಟ್ಟು ತಣ್ಣೀರನ್ನು ಕುದಿಬಿಂದುವಿಗೆ ಏರಿಸಬಲ್ಲದು ಎಂದು ಅವನು ಅಳೆದು ನೋಡಿದ. ಉಗಿಯಲ್ಲಿ ಅಡಗಿರುವ ಆ ಶಾಖ ಗುಪ್ತೋಷ್ಣ ಎಂದು ವಿವರಿಸಿದವನು ಅದೇ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್. 1765ರಲ್ಲಿ ಹೊಳೆದು 1769ರಲ್ಲಿ ಪೇಟೆಂಟ್ ಪಡೆದ ಪ್ರತ್ಯೇಕ ಕಂಡೆನ್ಸರ್ ಹುಟ್ಟಿದ್ದು ಹೀಗೆ: ಸಿಲಿಂಡರ್ ಸದಾ ಬಿಸಿಯಾಗಿರಲಿ, ಉಗಿ ಬೇರೊಂದು ಪಾತ್ರೆಗೆ ಹೋಗಿ ಅಲ್ಲಿ ತಣಿಯಲಿ.

ಪಠ್ಯಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಇದರ ನಂತರದ ಸಂಗತಿ. ವಾಟ್‌ನ ಮೊದಲ ಮಾದರಿಯಲ್ಲಿ ಉಗಿ ತೆಳು ತವರದ ಕೊಳವೆಗಳೊಳಗೆ ತಣಿಯುತ್ತಿತ್ತು, ನೀರು ಹೊರಗಿತ್ತು. ಅಂದರೆ ಗೋಡೆಯಿದ್ದ ಕಂಡೆನ್ಸರ್. ಮಾರಾಟಕ್ಕೆ ಬಂದ ಯಂತ್ರಗಳಲ್ಲಿ ಮಾತ್ರ ಅವನು ಗೋಡೆಯನ್ನು ಬಿಟ್ಟು, ಕಂಡೆನ್ಸರಿನೊಳಗೆ ನೀರು ಚಿಮ್ಮಿಸುವ ಹಳೆಯ ಕ್ರಮಕ್ಕೇ ಮರಳಿದ. ಆ ಕಾಲದ ತಗಡು ಕೆಲಸದಲ್ಲಿ ನೂರಾರು ಬೆಸುಗೆಗಳನ್ನು ಸೋರದಂತೆ ಇಡುವುದು ಆಗದ ಮಾತು. ಬೆರಕೆಗೆ ಯಂತ್ರ ಸಣ್ಣದಾದರೂ ಸಾಕು, ಕೆಡುವಂಥದ್ದು ಕಡಿಮೆ. ಗಣಿಯ ಬಾಯಲ್ಲಿ ಸಿಹಿನೀರಿಗೆ ಬರವೂ ಇರಲಿಲ್ಲ. ಒಂದೇ ವ್ಯಕ್ತಿ ಎರಡೂ ದಾರಿಗಳನ್ನು ನಡೆದು ನೋಡಿ, ಸೈದ್ಧಾಂತಿಕವಾಗಿ ಚೆಂದವಾದದ್ದನ್ನು ಬಿಟ್ಟು ಒರಟಾದದ್ದನ್ನು ಆರಿಸಿಕೊಂಡ ಎಂಬುದು ತಂತ್ರಜ್ಞಾನದ ಚರಿತ್ರಕಾರರು ಇನ್ನಷ್ಟು ಗಮನಿಸಬೇಕಾದ ಸಂಗತಿ.

ಉಗಿಹಡಗು ಸಮುದ್ರಕ್ಕಿಳಿದಾಗ ಈ ಆಯ್ಕೆ ತಿರುಗಿಬಿತ್ತು. ಅಲ್ಲಿ ಚಿಮ್ಮಿಸುವುದು ಉಪ್ಪುನೀರು. ಅದು ಉಗಿಯ ಜತೆ ಬೆರೆತು ಮತ್ತೆ ಬಾಯ್ಲರಿಗೆ ಹೋದರೆ ಒಳಗೋಡೆಗೆ ಉಪ್ಪು ಹೆಪ್ಪುಗಟ್ಟುತ್ತದೆ. ಆಗಾಗ ಕುದಿವ ಉಪ್ಪುನೀರನ್ನು ಕಡಲಿಗೆ ಚೆಲ್ಲಬೇಕು, ಅದರೊಂದಿಗೆ ಸುಟ್ಟ ಕಲ್ಲಿದ್ದಲೂ ಚೆಲ್ಲಿದಂತೆ. 1834ರಲ್ಲಿ ಸ್ಯಾಮ್ಯುಯೆಲ್ ಹಾಲ್ ಪೇಟೆಂಟ್ ಪಡೆದ ಕೊಳವೆ ಕಂಡೆನ್ಸರ್ ಗೋಡೆಯನ್ನು ಮರಳಿ ತಂದಿತು. ಒಂದೇ ಸಿಹಿನೀರು ಬಾಯ್ಲರ್, ಯಂತ್ರ, ಕಂಡೆನ್ಸರ್ ಸುತ್ತಿ ಮತ್ತೆ ಬಾಯ್ಲರಿಗೆ. 1838ರ ಏಪ್ರಿಲ್‌ನಲ್ಲಿ ಐರ್ಲೆಂಡಿನಿಂದ ನ್ಯೂಯಾರ್ಕ್ ತಲುಪಿದ ‘ಸಿರಿಯಸ್’ ಹಡಗಿನಲ್ಲಿ ಇದ್ದದ್ದು ಹಾಲ್‌ನ ಕಂಡೆನ್ಸರುಗಳೇ. ಆದರೂ ಅವು ಕೂಡಲೇ ಬಳಕೆಗೆ ಬರಲಿಲ್ಲ. ಸಿಲಿಂಡರಿಗೆ ಹಚ್ಚುತ್ತಿದ್ದ ಪ್ರಾಣಿಕೊಬ್ಬು ಉಗಿಯೊಂದಿಗೆ ಹೋಗಿ ಕೊಳವೆಗಳಿಗೆ ಮೆತ್ತಿಕೊಳ್ಳುತ್ತಿತ್ತು. ಬೆರಕೆಯ ಕಂಡೆನ್ಸರಿನಲ್ಲಿ ಅದು ತೊಳೆದುಹೋಗುತ್ತಿತ್ತು. ಗೋಡೆ ಹಾಕಿದ ಮೇಲೆ ಹೋಗಲು ಜಾಗವಿಲ್ಲ. ಇಂದಿಗೂ ಕೊಳವೆ ಕಟ್ಟುವುದು, ಪಾಚಿ, ಸುಣ್ಣದ ಪೊರೆ ಎಂದೆಲ್ಲ ಎಂಜಿನಿಯರುಗಳು ಗೊಣಗುವುದು ಇದೇ ಗೋಡೆಯ ಬಾಡಿಗೆ.

ಗೋಡೆಗೆ ಇನ್ನೊಂದು ಗುಣವಿದೆ: ಅದು ಒಂದು ದಿನ ಸೋರುತ್ತದೆ. ಸೋರಿದಾಗ ಯಾವ ಕಡೆಗೆ ಸೋರುತ್ತದೆ ಎಂಬುದನ್ನು ಮುಂಚೆಯೇ ತೀರ್ಮಾನಿಸಬಹುದೇ? ಇದಕ್ಕೆ ಅತಿ ಜಾಣ ಉತ್ತರ ಕೊಟ್ಟದ್ದು ವಿದ್ಯುತ್ ಉದ್ಯಮವಲ್ಲ, ಹಾಲಿನ ಉದ್ಯಮ.

1923ರಲ್ಲಿ ಇಂಗ್ಲೆಂಡಿನ ರಿಚರ್ಡ್ ಸೆಲಿಗ್ಮನ್ ತನ್ನ ಎಪಿವಿ ಕಂಪನಿಯಿಂದ ತಟ್ಟೆಗಳ ಉಷ್ಣ ವಿನಿಮಯಕವನ್ನು ತಂದ. ಲೋಹದ ತಟ್ಟೆಗಳನ್ನು ಪುಸ್ತಕದ ಹಾಳೆಗಳಂತೆ ಸಾಲಾಗಿ ಒತ್ತಿಟ್ಟು, ಅಂಚುಗಳಿಗೆ ರಬ್ಬರಿನ ಗ್ಯಾಸ್ಕೆಟ್ ಕೊಟ್ಟು, ಒಂದು ಸಂದಿಯಲ್ಲಿ ಹಾಲು, ಪಕ್ಕದ ಸಂದಿಯಲ್ಲಿ ಬಿಸಿನೀರು, ಹೀಗೆ ಹರಿಸುವ ಯಂತ್ರ. ಬೋಲ್ಟು ಸಡಿಲಿಸಿದರೆ ಹಾಳೆ ತಿರುವಿದಂತೆ ತೆರೆದು ತೊಳೆಯಬಹುದು. ಕೊಳವೆಯ ಯಂತ್ರಗಳಿಗೆ ಈ ಸೌಲಭ್ಯವಿರಲಿಲ್ಲ. ಇನ್ನೂ ಸೊಗಸಾದದ್ದು ಶಾಖವನ್ನು ಮರಳಿ ಪಡೆಯುವ ಏರ್ಪಾಡು. ಈಗಷ್ಟೇ 72 ಡಿಗ್ರಿಯಲ್ಲಿ 15 ಸೆಕೆಂಡು ನಿಂತು ಬಂದ ಬಿಸಿ ಹಾಲೇ ಒಳಬರುವ ತಣ್ಣನೆಯ ಹಸಿ ಹಾಲನ್ನು ಕಾಯಿಸುತ್ತದೆ. ಹೊರಗಿನಿಂದ ಕೊಡಬೇಕಾದದ್ದು ಕೊನೆಯ ಕೆಲವೇ ಡಿಗ್ರಿಗಳ ಶಾಖ. ನಮ್ಮ ಡೇರಿಗಳಲ್ಲಿ ಪ್ಯಾಕೆಟ್ಟಿಗೆ ಹೋಗುವ ಹಾಲು ಹಾಯುವುದೂ ಇಂಥ ತಟ್ಟೆಗಳ ಸಂದಿಯಲ್ಲೇ.

ಇಲ್ಲಿ ಗೋಡೆಯ ಒಂದು ಪಕ್ಕ ಹಸಿ ಹಾಲು, ಇನ್ನೊಂದು ಪಕ್ಕ ಕಾಯಿಸಿದ ಹಾಲು. ತಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು, ಕಾಯಿಸಿದ್ದೆಲ್ಲ ವ್ಯರ್ಥ. ಆದ್ದರಿಂದ ಕಾಯಿಸಿದ ಹಾಲಿನ ಒತ್ತಡವನ್ನು ಯಾವಾಗಲೂ ಹಸಿ ಹಾಲಿಗಿಂತ ಹೆಚ್ಚಾಗಿ ಇಡುತ್ತಾರೆ. ಸೋರಿದರೆ ಶುದ್ಧವಾದದ್ದು ಅಶುದ್ಧದ ಕಡೆಗೆ ಸೋರಲಿ. ಗೋಡೆಯ ಮೇಲೆ ನಂಬಿಕೆಯಿಲ್ಲದವನು ಮಾಡಿದ ವಿನ್ಯಾಸವಿದು. ಆ ಅಪನಂಬಿಕೆಯಲ್ಲೇ ಅದರ ಗುಣವಿದೆ.

ವಿದ್ಯುತ್ ಸ್ಥಾವರದ ಕಂಡೆನ್ಸರಿಗೆ ಈ ಭಾಗ್ಯವಿಲ್ಲ. ಉಗಿಯ ಪಕ್ಕದಲ್ಲಿ ವಾತಾವರಣದ ಒತ್ತಡದ ಹತ್ತನೇ ಒಂದರಷ್ಟು ಮಾತ್ರ ಒತ್ತಡ, ಸುಮಾರು 46 ಡಿಗ್ರಿ ತಾಪ. ಕೊಳವೆಯೊಳಗೆ ಹರಿಯುವ ನದಿಯ ಅಥವಾ ಕಡಲಿನ ನೀರಿನ ಒತ್ತಡ ಅದಕ್ಕಿಂತ ಎಷ್ಟೋ ಹೆಚ್ಚು. ಕೊಳವೆ ತೂತಾದರೆ ಕೊಳಕು ನೀರೇ ಶುದ್ಧ ನೀರಿನೊಳಕ್ಕೆ ನುಗ್ಗುತ್ತದೆ. ನಿರ್ವಾತ ಬೇಕೆನ್ನುವವರೆಗೆ ಇದನ್ನು ತಿರುಗಿಸಲು ಬರುವುದಿಲ್ಲ. ಅದಕ್ಕಾಗಿಯೇ ಸ್ಥಾವರದ ರಸಾಯನ ವಿಭಾಗದವರು ಕಂಡೆನ್ಸರಿನಿಂದ ಬರುವ ನೀರಿನ ವಿದ್ಯುತ್ ವಾಹಕತೆಯನ್ನು ಹಗಲಿರುಳೂ ಕಾಯುತ್ತಾರೆ. ಕೆಲವು ಸಾವಿರ ಕೊಳವೆಗಳಲ್ಲಿ ಒಂದು ಸೋರಿದರೂ ಮೀಟರಿನ ಮುಳ್ಳು ಅಲುಗುತ್ತದೆ.

ಕಂಡೆನ್ಸರಿನಲ್ಲಿ ಬಿಸಿಯಾದ ನೀರನ್ನು ಏನು ಮಾಡುವುದು? ದೊಡ್ಡ ನದಿಯಿದ್ದರೆ ಹಾಗೇ ಬಿಟ್ಟುಬಿಡಬಹುದು. ಇಲ್ಲದಿದ್ದರೆ ಆ ನೀರನ್ನೇ ಮತ್ತೆ ತಣಿಸಬೇಕು. ಇಲ್ಲಿ ಬೆರಕೆ ಮರಳಿ ಬಂತು, ಈ ಸಲ ನೀರು ಮತ್ತು ಗಾಳಿಯ ನಡುವೆ. 1916ರ ಆಗಸ್ಟ್‌ನಲ್ಲಿ ಡಚ್ ಎಂಜಿನಿಯರುಗಳಾದ ಫ್ರೆಡರಿಕ್ ವಾನ್ ಇಟರ್ಸನ್ ಮತ್ತು ಗೆರಾರ್ಡ್ ಕೈಪರ್ಸ್ ಸೊಂಟ ಸಣ್ಣದಾದ ಕಾಂಕ್ರೀಟ್ ಗೋಪುರಕ್ಕೆ ಪೇಟೆಂಟ್ ಪಡೆದರು. 1918ರಲ್ಲಿ ಹೇರ್ಲೆನ್‌ನ ಎಮ್ಮಾ ಎಂಬ ಸರ್ಕಾರಿ ಗಣಿಯಲ್ಲಿ ಅದು ಎದ್ದಿತು. 1924ರಲ್ಲಿ ಲಿವರ್‌ಪೂಲಿಗೂ ಬಂತು. ಆ ಸೊಂಟದ ಕಾರಣಕ್ಕೆ ಗಾಳಿ ಜೋರಾಗಿ ಮೇಲೇಳುತ್ತದೆ ಎಂಬ ವಿವರಣೆ ಬಹಳ ಕಡೆ ಸಿಗುತ್ತದೆ. ಅದು ಸರಿಯಲ್ಲ. ಗಾಳಿಯನ್ನು ಎಳೆಯುವುದು ಗೋಪುರದ ಒಳಗಿನ ಬಿಸಿ, ಒದ್ದೆ ಗಾಳಿ ಹೊರಗಿನದಕ್ಕಿಂತ ಹಗುರವಾಗಿರುವುದು, ಮತ್ತು ಗೋಪುರದ ಎತ್ತರ. ಆಕಾರದ ಲಾಭ ಕಟ್ಟುವವನಿಗೆ: ಅತಿಪರವಲಯದ ಆ ಮೇಲ್ಮೈಯನ್ನು ನೆಟ್ಟನೆಯ ಗೆರೆಗಳಿಂದಲೇ ರಚಿಸಬಹುದು. ಎರಡು ದಿಕ್ಕಿಗೆ ಬಾಗಿರುವುದರಿಂದ ತೆಳು ಚಿಪ್ಪೇ ಗಟ್ಟಿಯಾಗಿ ನಿಲ್ಲುತ್ತದೆ.

ಎಷ್ಟು ತೆಳು ಎಂಬುದಕ್ಕೆ ಇಂಗ್ಲೆಂಡಿನ ಫೆರಿಬ್ರಿಜ್ ಸಾಕ್ಷಿ. ಅಲ್ಲಿನ ಗೋಪುರಗಳು 114 ಮೀಟರ್ ಎತ್ತರವಿದ್ದವು, ಚಿಪ್ಪು ಸುಮಾರು ಐದು ಅಂಗುಲವಿತ್ತು. ಅನುಪಾತದಲ್ಲಿ ಕೋಳಿಮೊಟ್ಟೆಯ ಸಿಪ್ಪೆಗಿಂತ ಎಷ್ಟೋ ತೆಳು. 1965ರ ನವೆಂಬರ್ 1ರಂದು ಬೀಸಿದ ಗಾಳಿಗೆ ಎಂಟರಲ್ಲಿ ಮೂರು ಗೋಪುರಗಳು ಕುಸಿದವು. ಬಿದ್ದವು ಗಾಳಿಗೆ ಎದುರಾಗಿದ್ದ ಸಾಲಿನವಲ್ಲ, ಅದರ ಹಿಂದಿನ ಮರೆಯಲ್ಲಿದ್ದವು. ಮುಂದಿನ ಗೋಪುರಗಳ ನಡುವೆ ನುಸುಳಿದ ಗಾಳಿ ಸುಳಿಯಾಗಿ ಹಿಂದಿನವನ್ನು ಹಿಡಿದಿತ್ತು. ವಿನ್ಯಾಸದಲ್ಲಿ ಒಂದು ನಿಮಿಷದ ಸರಾಸರಿ ಗಾಳಿವೇಗವನ್ನು ಹಿಡಿದಿದ್ದರು, ಕ್ಷಣಿಕ ಬೀಸುಗಳನ್ನು ಲೆಕ್ಕಕ್ಕೆ ತಂದಿರಲಿಲ್ಲ. ಆಮೇಲೆ ನಿಯಮಗಳು ಬದಲಾದವು. ಗೋಪುರಗಳು ಇನ್ನೂ ಎತ್ತರವಾದವು. ರಾಜಸ್ಥಾನದ ಕಾಲೀಸಿಂಧ್ ಸ್ಥಾವರದಲ್ಲಿರುವುದು 202 ಮೀಟರಿನದು.

ಗೋಪುರದೊಳಗೆ ನಡೆಯುವುದು ಮಣ್ಣಿನ ಹೂಜಿಯಲ್ಲಿ ನಡೆಯುವುದೇ: ಸ್ವಲ್ಪ ನೀರು ಆವಿಯಾಗಿ ಉಳಿದದ್ದನ್ನು ತಣಿಸುತ್ತದೆ. ನೀರನ್ನು 10 ಡಿಗ್ರಿ ಇಳಿಸಲು, ಕೆಲಸವನ್ನೆಲ್ಲ ಆವಿಯೇ ಮಾಡುವುದಾದರೆ, ನೂರಕ್ಕೆ ಒಂದೂಮುಕ್ಕಾಲು ಪಾಲು ಆವಿಯಾದರೆ ಸಾಕು. ಶಾಖ ಮತ್ತು ಆವಿ ಎರಡರ ಸಾಗಣೆಯನ್ನೂ ಎಂಥಾಲ್ಪಿಯ, ಅಂದರೆ ಒದ್ದೆ ಗಾಳಿಯಲ್ಲಿರುವ ಒಟ್ಟು ಶಾಖದ, ಒಂದೇ ವ್ಯತ್ಯಾಸದೊಳಗೆ ಹಿಡಿದವನು ಜರ್ಮನಿಯ ಫ್ರೆಡ್ರಿಕ್ ಮರ್ಕೆಲ್. ಅವನ 1925ರ ಸೂತ್ರ ಇಂದಿಗೂ ಗೋಪುರ ವಿನ್ಯಾಸದ ತಳಪಾಯ. ಅದರಿಂದ ತಿಳಿಯುವ ಒಂದು ಸಂಗತಿ ಮೇಲುನೋಟಕ್ಕೆ ನಂಬಲಾಗದ್ದು. ರಾಯಚೂರಿನಲ್ಲಿ 40 ಡಿಗ್ರಿ ಬಿಸಿಲು, ಶೇ. 25ರಷ್ಟು ತೇವಾಂಶ ಎಂದುಕೊಳ್ಳೋಣ. ಮಂಗಳೂರಿನಲ್ಲಿ 33 ಡಿಗ್ರಿ, ಶೇ. 70ರಷ್ಟು ತೇವಾಂಶ. ಗೋಪುರಕ್ಕೆ ಅನುಕೂಲ ಯಾವ ಊರು? ರಾಯಚೂರೇ. ನೀರು ಇಳಿಯಬಹುದಾದ ಕಡೆಯ ಮಿತಿ ಒದ್ದೆ ಬಲ್ಬಿನ ಉಷ್ಣಾಂಶ, ಅಂದರೆ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪ. ಅದು ಮೊದಲ ಊರಿನಲ್ಲಿ ಸುಮಾರು 24, ಎರಡನೆಯದರಲ್ಲಿ ಸುಮಾರು 28.

ಆದರೆ ಆವಿಯಾಗಲು ನೀರು ಬೇಕು. ಆವಿಯಾಗಿ ಹೋದದ್ದು ಉಪ್ಪನ್ನು ಬಿಟ್ಟುಹೋಗುತ್ತದೆ. ಹಡಗಿನ ಬಾಯ್ಲರಿನಂತೆ ಇಲ್ಲಿಯೂ ಆಗಾಗ ಉಪ್ಪು ಹೆಚ್ಚಾದ ನೀರನ್ನು ಹೊರಗೆ ಬಿಡಬೇಕು. 2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಹಳೆಯ ಉಷ್ಣ ಸ್ಥಾವರಗಳಿಗೆ ಪ್ರತಿ ಮೆಗಾವಾಟ್ ಗಂಟೆಗೆ 3.5 ಘನ ಮೀಟರ್ ನೀರಿನ ಮಿತಿ ಹಾಕಿತು. ಕೃಷ್ಣೆಯ ದಡದ ಶಕ್ತಿನಗರದಲ್ಲಿರುವ ರಾಯಚೂರು ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಈ ಮಿತಿಯಲ್ಲೇ ಅದು ಪೂರ್ತಿ ಓಡಿದರೆ ದಿನಕ್ಕೆ 14 ಕೋಟಿ ಲೀಟರಿಗೂ ಹೆಚ್ಚು, ವರ್ಷಕ್ಕೆ 1.9 ಟಿಎಂಸಿಯ ಹತ್ತಿರ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯ ನೀರಿನಲ್ಲಿ ಕರ್ನಾಟಕಕ್ಕೆ ಹಂಚಿದ 700 ಟಿಎಂಸಿಯ ಪಕ್ಕದಲ್ಲಿ ಇದು ಚಿಕ್ಕದಾಗಿ ಕಾಣುತ್ತದೆ. ಆದರೆ ಹಂಚಿಕೆ ಇಡೀ ವರ್ಷದ್ದು, ಸ್ಥಾವರಕ್ಕೆ ಬೇಕಾದದ್ದು ಹೊಳೆ ಬತ್ತಿದ ಏಪ್ರಿಲ್‌ನಲ್ಲೂ ತಪ್ಪದೆ ಬರುವ ನೀರು. 2016ರ ಮಾರ್ಚ್‌ನಲ್ಲಿ ಪಶ್ಚಿಮ ಬಂಗಾಳದ 2,100 ಮೆಗಾವಾಟಿನ ಫರಕ್ಕಾ ಸ್ಥಾವರ ನಿಂತದ್ದು ಗಂಗೆಯ ಕಾಲುವೆಯಲ್ಲೇ ನೀರು ಸಾಲದೆ.

ಈ ಬಿಕ್ಕಟ್ಟಿಗೆ ಬುಡಾಪೆಸ್ಟಿನ ಲಾಸ್ಲೊ ಹೆಲ್ಲರ್ ಕೊಟ್ಟ ಉತ್ತರವನ್ನು ನಾನು ಈ ಚರಿತ್ರೆಯ ಅತ್ಯಂತ ಚತುರ ತಿರುವು ಎಂದು ಎಣಿಸುತ್ತೇನೆ. 1950ರಲ್ಲಿ ಲಂಡನ್ನಿನ ಜಾಗತಿಕ ಶಕ್ತಿ ಸಮ್ಮೇಳನದಲ್ಲಿ ಅವನು ಮಂಡಿಸಿದ ವ್ಯವಸ್ಥೆಯಲ್ಲಿ ಕಂಡೆನ್ಸರಿನ ಸಾವಿರಾರು ಕೊಳವೆಗಳು ಮಾಯವಾದವು. ಟರ್ಬೈನಿನಿಂದ ಬಂದ ಉಗಿಯ ಮೇಲೆ ನೇರವಾಗಿ ನೀರು ಚಿಮ್ಮುತ್ತದೆ, ವಾಟ್ ಚಿಮ್ಮಿಸಿದಂತೆಯೇ. ವ್ಯತ್ಯಾಸ ಒಂದೇ: ಚಿಮ್ಮುವ ನೀರೂ ಬಾಯ್ಲರಿಗೆ ಹಾಕಬಹುದಾದಷ್ಟು ಶುದ್ಧ. ಎರಡೂ ಒಂದೇ ನೀರಾದ್ದರಿಂದ ಬೆರೆತರೆ ನಷ್ಟವಿಲ್ಲ, ಸೋರುವ ಭಯವಿಲ್ಲ. ಬಿಸಿಯಾದ ಆ ನೀರಿನಲ್ಲಿ ಒಂದು ಸಣ್ಣ ಪಾಲು ಬಾಯ್ಲರಿಗೆ ಹೋಗುತ್ತದೆ. ಉಳಿದದ್ದು ಹೆಲ್ಲರ್‌ನ ಸಹೋದ್ಯೋಗಿ ಲಾಸ್ಲೊ ಫೋರ್ಗೊ ರೂಪಿಸಿದ ಅಲ್ಯೂಮಿನಿಯಂ ರೆಕ್ಕೆಗಳ ಕೊಳವೆಗಳಲ್ಲಿ ಹರಿದು ಗಾಳಿಗೆ ಶಾಖ ಬಿಟ್ಟು, ಒಂದು ಹನಿಯೂ ಆವಿಯಾಗದೆ ಮರಳುತ್ತದೆ. ಗೋಡೆ ಇದ್ದ ಕಡೆ ಬೆರಕೆ, ಬೆರಕೆ ಇದ್ದ ಕಡೆ ಗೋಡೆ. 1962ರಲ್ಲಿ ಇಂಗ್ಲೆಂಡಿನ ರೂಜ್ಲಿಯಲ್ಲಿ 120 ಮೆಗಾವಾಟಿನ ಘಟಕವೊಂದು ಹೀಗೆ ಓಡಿತು. ಆಮೇಲೆ ಹಂಗೇರಿಯ ವಿಶೋಂತಾ, ಅರ್ಮೇನಿಯಾದ ರಾಜ್ದಾನ್.

ಒಣ ವ್ಯವಸ್ಥೆಗಳಲ್ಲಿ ಇನ್ನೊಂದು ಬಗೆಯೂ ಇದೆ. ಅಲ್ಲಿ ನಡುವಿನ ನೀರೂ ಇಲ್ಲ, ಉಗಿಯೇ ನೇರವಾಗಿ ರೆಕ್ಕೆಗಳಿಗೆ ಬರುತ್ತದೆ. ದಕ್ಷಿಣ ಆಫ್ರಿಕಾದ ಮಟಿಂಬಾ ಸ್ಥಾವರದ್ದೂ ನಮ್ಮಲ್ಲಿ ಜಾರ್ಖಂಡಿನ ನಾರ್ತ್ ಕರಣ್‌ಪುರದ 660 ಮೆಗಾವಾಟಿನ ಮೂರು ಘಟಕಗಳದ್ದೂ ಈ ಬಗೆ. ಒಣ ವಿಧಾನಕ್ಕೆ ತೆರಬೇಕಾದ ಬೆಲೆ ಮೇಲಿನ ರಾಯಚೂರು–ಮಂಗಳೂರು ಲೆಕ್ಕದಲ್ಲೇ ಇದೆ. ನೀರು ಆವಿಯಾಗದಿದ್ದರೆ ಒದ್ದೆ ಬಲ್ಬಿನ 24 ಡಿಗ್ರಿ ಉಪಯೋಗಕ್ಕೆ ಬಾರದು, ಎದುರಿಸಬೇಕಾದದ್ದು 40 ಡಿಗ್ರಿಯ ಬಿಸಿಗಾಳಿಯನ್ನೇ. ಉಗಿ ತಣಿಯುವ ತಾಪ 46ರ ಬದಲು 60ಕ್ಕೆ ಏರಿದರೆ ಕಂಡೆನ್ಸರಿನ ಒತ್ತಡ ಇಮ್ಮಡಿಯಾಗುತ್ತದೆ. ವಿದ್ಯುತ್ತಿಗೆ ಬೇಡಿಕೆ ಅತಿ ಹೆಚ್ಚಿರುವ ಮಧ್ಯಾಹ್ನಗಳಲ್ಲೇ ಟರ್ಬೈನಿನ ಉತ್ಪಾದನೆ ಇಳಿಯುತ್ತದೆ. ಅದಕ್ಕೆಂದೇ ಕೆಲವು ವಿನ್ಯಾಸಗಳಲ್ಲಿ ವರ್ಷದ ಬಹುಕಾಲ ಒಣಗಿರುವ ರೆಕ್ಕೆಗಳ ಮೇಲೆ ಕಡುಬೇಸಗೆಯ ಕೆಲವು ಗಂಟೆಗಳು ಮಾತ್ರ ನೀರು ಚಿಮುಕಿಸುತ್ತಾರೆ. ಆ ನೀರಿನಿಂದಲೂ ಉಪ್ಪು ತೆಗೆದಿರಬೇಕು, ಇಲ್ಲದಿದ್ದರೆ ಆವಿಯಾದ ಪ್ರತಿ ಹನಿಯೂ ಅಲ್ಯೂಮಿನಿಯಂ ಮೇಲೆ ಒಂದು ಬಿಳಿ ಕಲೆ ಬಿಟ್ಟುಹೋಗುತ್ತದೆ.